ತನ್ನದಲ್ಲದ ಫೈಲು

ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅಬ್ದುಲ್ ಶುಕೂರನ ಹೊಸ ಕೆಂಪು ಕಾರು ಪುಂಜಾಲಕಟ್ಟೆ ದಾಟುವಾಗ ಎರಡು ಸಲ ಹಾರ್ನ್ ಹೊಡೆಯಿತು. ವರ್ಕ್‌ಶಾಪಿನ ಶಟರ್ ಎತ್ತುತ್ತಿದ್ದ ಶುಭಶ್ರೀ ತಿರುಗಿ ಕೈಬೀಸಿದಳು. ಶುಕೂರ್ ದುಬೈಯಿಂದ ಒಂದು ತಿಂಗಳ ರಜೆಯಲ್ಲಿ ಬಂಟ್ವಾಳದ ಮನೆಗೆ ಬಂದಿದ್ದ. ಹೆಂಡತಿ ಜಸೀಲಾ, ಏಳು ವರ್ಷದ ಮಗಳು ರಿಫಾ ಜೊತೆ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿಗೆ ಹೋಗುವವನಿದ್ದ. ಕಾರಿನ ಸದ್ದು ಬೆಳ್ತಂಗಡಿ ದಿಕ್ಕಿನಲ್ಲಿ ಕರಗುವವರೆಗೂ ಶುಭಶ್ರೀ ಅಲ್ಲೇ ನಿಂತು ಕೇಳಿಸಿಕೊಂಡಳು. ಸದ್ದು ಚೆನ್ನಾಗಿಯೇ ಇತ್ತು. ಆದರೂ ಮನಸ್ಸು ಕೂರಲಿಲ್ಲ.

ಕೂರದೆ ನಾಲ್ಕು ದಿನವಾಗಿತ್ತು. ಬುಧವಾರ ಆ ಕಾರಿಗೆ ರೀಮ್ಯಾಪ್ ಮಾಡಿದವಳು ಅವಳೇ. ಇಂಜಿನಿಗೆ ಎಷ್ಟು ಪೆಟ್ರೋಲ್, ಎಷ್ಟು ಗಾಳಿ, ಯಾವಾಗ ಕಿಡಿ ಎಂದು ಲೆಕ್ಕ ಹಾಕುವ ಅದರ ಕಂಪ್ಯೂಟರಿಗೆ ಲ್ಯಾಪ್‌ಟಾಪಿನಿಂದ ಹೊಸ ಫೈಲು ತುಂಬಿ ಶಕ್ತಿ ಏರಿಸುವ ಕೆಲಸ. ಕಂಪನಿಯಿಂದ ಬರುವಾಗ ಇನ್ನೂರ ಅರವತ್ತು ಹಾರ್ಸ್‌ಪವರ್ ಇದ್ದದ್ದು ಮುನ್ನೂರ ಇಪ್ಪತ್ತಾಗಿತ್ತು. ಪುಣೆಯ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಇದೇ ವಿದ್ಯೆ ಕಲಿತು ಬಂದವಳು ಎಂದು ಮೂಡುಬಿದಿರೆಯಿಂದ ಬಂಟ್ವಾಳದವರೆಗೂ ಅವಳಿಗೆ ಹೆಸರಿತ್ತು. ಆದರೆ ಈ ಇಂಜಿನ್ ಮಾರುಕಟ್ಟೆಗೆ ಬಂದು ಐದೇ ತಿಂಗಳು. ಅದರ ಒಳಗೆ ಪಿಸ್ಟನ್ ಹಿಡಿದಿರುವ ರಾಡುಗಳು ಎಷ್ಟು ತಡೆಯುತ್ತವೆ ಎಂದು ಯಾರೂ ಬಿಚ್ಚಿ ನೋಡಿರಲಿಲ್ಲ. ಸ್ವಂತ ಫೈಲು ಬರೆಯಲು ಎರಡು ವಾರ ಬೇಕಿತ್ತು. ಶುಕೂರನಿಗೆ ಎರಡು ದಿನದಲ್ಲಿ ಆಗಬೇಕಿತ್ತು. ಅವಳು ಇಂಟರ್‌ನೆಟ್ಟಿನಲ್ಲಿ ಯಾರೋ ವಿದೇಶದವನು ಮಾರುತ್ತಿದ್ದ ಸಿದ್ಧ ಫೈಲು ತೆಗೆದುಕೊಂಡು ಹಾಕಿದ್ದಳು. ಅದನ್ನು ಹೇಳಿರಲಿಲ್ಲ.

ಒಂಬತ್ತೂವರೆಗೆ ಚಹಾ ಹಿಡಿದು ಮೊಬೈಲ್ ತೆರೆದರೆ ಇದೇ ಕೆಲಸ ಮಾಡುವ ಟ್ಯೂನರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ. ಅದೇ ಇಂಜಿನ್, ಅದೇ ಫೈಲು. ಬಿಲ್ಲಿನಂತೆ ಬಾಗಿದ ಒಂದು ಕನೆಕ್ಟಿಂಗ್ ರಾಡ್, ಬದಿಯಲ್ಲಿ ತೂತು ಬಿದ್ದ ಇಂಜಿನ್ ಬ್ಲಾಕು. ಕೆಳಗೆ ಬರೆದಿತ್ತು: ತುಂಬಿದ ಗಾಡಿ, ಏರು ರಸ್ತೆ, ದೊಡ್ಡ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್.

ಚಹಾ ಅಲ್ಲೇ ಉಳಿಯಿತು. ಶುಕೂರನಿಗೆ ಫೋನ್ ಮಾಡಿದಳು. ರಿಂಗಾಗಿ ನಿಂತಿತು. ಇನ್ನೊಮ್ಮೆ, ಮತ್ತೊಮ್ಮೆ. ಲ್ಯಾಪ್‌ಟಾಪನ್ನೂ ಕೇಬಲನ್ನೂ ಹಳೆಯ ಮಾರುತಿಯ ಸೀಟಿಗೆ ಎಸೆದು, ಶಟರ್ ಕೂಡ ಎಳೆಯದೆ ಹೊರಟಳು.

ಬೆಳ್ತಂಗಡಿ ಪೇಟೆಯಲ್ಲಿ ಎರಡು ಬಸ್ಸುಗಳು ಎದುರುಬದುರಾಗಿ ನಿಂತು ಹತ್ತು ನಿಮಿಷ ತಿಂದವು. ಉಜಿರೆ ದಾಟಿದ ಮೇಲೆ ಅವಳ ಕಣ್ಣು ರಸ್ತೆಯ ಬದಿಗಳಲ್ಲೇ ಇತ್ತು. ಎಲ್ಲಾದರೂ ಎಣ್ಣೆ ಚೆಲ್ಲಿದ ಗುರುತು ಕಂಡೀತೇ ಎಂದು. ಏನು ಹೇಳುವುದು ಎಂಬುದನ್ನೂ ಕಟ್ಟಿಕೊಳ್ಳುತ್ತಿದ್ದಳು. ಫೈಲಿಗೆ ಒಂದು ಹೊಸ ಅಪ್‌ಡೇಟ್ ಬಂದಿದೆ ಎಂದು ಹೇಳಿ ಶಕ್ತಿ ಸ್ವಲ್ಪ ಇಳಿಸಿದರೆ ಸಾಕು. ಯಾರಿಗೂ ಏನೂ ತಿಳಿಯುವುದಿಲ್ಲ.

ಚಾರ್ಮಾಡಿಯಲ್ಲಿ ಘಾಟಿ ಏರುವ ಮೊದಲಿನ ಹೋಟೆಲಿನ ಎದುರು ಕೆಂಪು ಕಾರು ನಿಂತಿತ್ತು. ಹಿಂದಿನ ಇಕ್ಕಟ್ಟು ಸೀಟಿನಲ್ಲಿ ಕೂತು ರಿಫಾಗೆ ವಾಂತಿಯಾಗಿತ್ತು. ಜಸೀಲಾ ಮಗಳ ಮುಖ ತೊಳೆಸುತ್ತಿದ್ದಳು.

"ಏನು ಮೇಡಂ, ನೀವೂ ಟ್ರಿಪ್ಪಾ?" ಶುಕೂರ್ ನಕ್ಕ. "ಫೋನ್ ಬ್ಯಾಗಲ್ಲಿ ಉಂಟು, ನೋಡ್ಲೇ ಇಲ್ಲ. ಗಾಡಿ ಮಾತ್ರ ಭಾರೀ ಲಾಯ್ಕ ಓಡ್ತದೆ ಮಾರಾಯ್ರೆ!"

"ಒಂದು ಸಣ್ಣ ಅಪ್‌ಡೇಟ್ ಉಂಟು ಶುಕೂರಣ್ಣ. ಹತ್ತು ನಿಮಿಷ. ಹಾಕಿ ಕೊಡ್ತೇನೆ."

ಜಸೀಲಾ ಟವೆಲ್ ಹಿಡಿದೇ ಹತ್ತಿರ ಬಂದಳು. "ಅಪ್‌ಡೇಟಿಗೆ ಪುಂಜಾಲಕಟ್ಟೆಯಿಂದ ಇಲ್ಲಿಯವರೆಗೆ ಓಡಿಸಿಕೊಂಡು ಬಂದ್ರಾ ಅಕ್ಕ? ಬುಧವಾರ ನಾನು ಕೇಳಿದ್ದೆ, ಮಗು ಕೂರುವ ಗಾಡಿ, ತೊಂದರೆ ಏನೂ ಇಲ್ಲ ಅಲ್ವಾ ಅಂತ. ನೀವು ಇಲ್ಲ ಅಂದ್ರಿ."

ಶುಭಶ್ರೀ ಕಟ್ಟಿಕೊಂಡು ಬಂದಿದ್ದ ಮಾತು ಮುಂದೆ ಹೋಗಲಿಲ್ಲ.

"ಆ ಫೈಲು ನನ್ನದಲ್ಲ," ಎಂದಳು. "ಹೊರಗಿನವರದ್ದು. ನಾನು ಪರೀಕ್ಷೆ ಮಾಡದೆ ಹಾಕಿದೆ. ಅದನ್ನೇ ಹಾಕಿದ ಇನ್ನೊಂದು ಇಂಜಿನ್ ಒಡೆದಿದೆ. ಹೀಗೇ ಏರಿನಲ್ಲಿ." ಮೊಬೈಲ್ ತೆರೆದು ಫೋಟೋ ತೋರಿಸಿದಳು.

ಶುಕೂರ್ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ನಗು ಹೋಗಿತ್ತು. "ಘಾಟಿಯ ತಿರುವಲ್ಲಿ ಹೀಗಾಗಿದ್ರೆ? ಹಿಂದೆ ಲಾರಿ ಇದ್ದಿದ್ರೆ?"

ಅವಳು ಮಾರುತಿಯಿಂದ ಲ್ಯಾಪ್‌ಟಾಪನ್ನೂ ಕೇಬಲನ್ನೂ ತಂದಳು.

"ತೆಗೀರಿ. ಮೊದಲು ಹೇಗಿತ್ತೋ ಹಾಗೆ ಮಾಡಿ."

ಹಳೆಯ ಫೈಲು ವಾಪಸು ಹೋಗಲು ಹನ್ನೊಂದು ನಿಮಿಷ ಹಿಡಿಯಿತು. ಹೋಟೆಲಿನಿಂದ ನಾಲ್ಕು ಜನ ಬಂದು ಸುತ್ತ ನಿಂತರು. ಪರದೆಯ ಮೇಲೆ ಗೆರೆ ತುಂಬುತ್ತಿದ್ದಾಗ ಶುಭಶ್ರೀ ಇನ್ನೊಂದು ಮಾತನ್ನೂ ಹೇಳಿಬಿಟ್ಟಳು: ಹಳೆಯದನ್ನೇ ಹಾಕಿದರೂ, ಯಾರೋ ಕೈಹಾಕಿದ್ದಾರೆ ಎಂಬ ಲೆಕ್ಕ ಕಂಪ್ಯೂಟರಿನಲ್ಲಿ ಉಳಿಯುತ್ತದೆ; ಇಂಜಿನ್ ಕೆಟ್ಟರೆ ಕಂಪನಿ ವಾರಂಟಿ ಇಲ್ಲ ಅನ್ನಬಹುದು. ಶುಕೂರ್ ಬಾನೆಟ್ ಮುಚ್ಚಿದ ರಭಸಕ್ಕೆ ರಿಫಾ ಬೆಚ್ಚಿದಳು. ಅವರು ಚಿಕ್ಕಮಗಳೂರಿಗೆ ಹೋಗಲಿಲ್ಲ. ಕಾರು ತಿರುಗಿಸಿ ನಿಧಾನವಾಗಿ ಬಂಟ್ವಾಳದ ಕಡೆ ಹೊರಟರು. ಶುಭಶ್ರೀ ಪುಂಜಾಲಕಟ್ಟೆಯವರೆಗೂ ಕಿಟಕಿ ಇಳಿಸಿ, ಮುಂದಿನ ಕಾರಿನ ಇಂಜಿನಿಗೆ ಕಿವಿಕೊಟ್ಟೇ ಹಿಂಬಾಲಿಸಿದಳು.

ಮಂಗಳವಾರ ಶುಕೂರ್ ಒಬ್ಬನೇ ಬಂದ. "ಒಳಗೆ ಏನಾಗಿದೆ ನೋಡಿ. ನಾನು ಇಲ್ಲೇ ನಿಲ್ತೇನೆ."

ಅವಳು ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದೊಂದೇ ಸಿಲಿಂಡರಿಗೆ ಗೇಜು ಹಾಕಿ ಒತ್ತಡ ಅಳೆದಳು. ಒಂದು, ಎರಡು ಮತ್ತು ನಾಲ್ಕನೆಯ ಸಿಲಿಂಡರುಗಳಲ್ಲಿ ನೂರ ತೊಂಬತ್ತು. ಮೂರನೆಯದರಲ್ಲಿ ಮಾತ್ರ ನೂರ ಎಂಬತ್ತು. ಇನ್ನೊಮ್ಮೆ ಅಳೆದಳು. ಅಷ್ಟೇ.

"ಅಂದ್ರೆ ಹೋಗಿದೆಯಾ?"

"ಹೋಗಿಲ್ಲ. ಕಂಪನಿ ಹೇಳಿದ ಮಿತಿಯ ಒಳಗೇ ಉಂಟು. ಆದ್ರೆ ಮೊದಲೇ ಹೀಗಿತ್ತಾ, ನನ್ನಿಂದ ಆಯ್ತಾ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಮೊದಲೇ ಅಳೆದು ಇಡಬೇಕಿತ್ತು. ಅಳೆದಿಲ್ಲ."

"ಅದನ್ನೆಲ್ಲ ಬರೆದು ಕೊಡಿ."

ಅವಳು ಬರೆದಳು. ಫೈಲು ತನ್ನದಲ್ಲ ಎಂಬುದನ್ನೂ, ಅಳೆಯದೆ ಹಾಕಿದೆ ಎಂಬುದನ್ನೂ ಬರೆದು ಸಹಿ ಹಾಕಿದಳು. ಶುಕೂರ್ ಕಾಗದ ಮಡಚಿ ಜೇಬಿಗಿಟ್ಟು, "ಆಯ್ತು" ಎಂದಷ್ಟೇ ಹೇಳಿ ಹೋದ.

ಬೆಳುವಾಯಿಯ ಗಣೇಶಪ್ರಸಾದ್ ಎಂಬವರು ಇದೇ ಮಾದರಿಯ ಕಾರಿಗೆ ಇದೇ ಕೆಲಸ ಹೇಳಿ, ಗುರುವಾರ ಬರುವವರಿದ್ದರು. ಶುಕೂರ್ ಹೋದೊಡನೆ ಶುಭಶ್ರೀ ಅವರಿಗೆ ಫೋನ್ ಮಾಡಿ, ಮಾಡುವುದಿಲ್ಲ ಎಂದು ಕಾರಣ ಸಮೇತ ಹೇಳಿದಳು.

"ನೀವು ಹೆದರಿದ್ರೆ ಬಿಡಿ ಮೇಡಂ," ಎಂದರು ಅವರು. "ಮಂಗಳೂರಲ್ಲಿ ಬೇರೆ ಒಬ್ಬ ಮಾಡಿ ಕೊಡ್ತಾನಂತೆ. ಒಂದೇ ಗಂಟೆಯಲ್ಲಿ."

"ಒಂದು ಗಂಟೆಯಲ್ಲಾ? ಅವನು ಯಾವ ಫೈಲು ಹಾಕ್ತಾನೆ ಅಂತ ಕೇಳಿದ್ರಾ?"

ಆ ಕಡೆಯಿಂದ ಲೈನು ಕಟ್ಟಾಗಿತ್ತು. ಅವಳು ಎರಡು ಹೆಜ್ಜೆ ಹೊರಗೆ ಬಂದು, ಒಳಗೆ ಹೋಗಿ, ಮತ್ತೆ ಅದೇ ನಂಬರ್ ಒತ್ತಿದಳು.