ದಪ್ಪ ತಲೆಯ ಮೀನು

ಸಂಗಪ್ಪ ಸೈಕಲ್ಲಿನಿಂದ ಇಳಿಯುವ ಮೊದಲೇ ಬಾಗಿಲ ಹೊರಗೆ ಬಿಟ್ಟಿದ್ದ ಚಪ್ಪಲಿಗಳ ಮೇಲೆ ಕಣ್ಣಾಡಿಸಿದ. ಇಪ್ಪತ್ತು ಮೂವತ್ತು ಜೋಡು ಇದ್ದವು. ನಡುವೆ ಹಸಿರು ದಾರ ಹಾಕಿ ಹೊಲಿದ ಟೈರಿನ ಚಪ್ಪಲಿ ಕಂಡಿತು. ಕರೀಮಸಾಬನದು. ತನಗಿಂತ ಮೊದಲೇ ಬಂದು ಕೂತಿದ್ದಾನೆ.

ಖೈರುನಬಿ ಬೆಳಗಿನ ಬಾಂಗಿನ ಹೊತ್ತಿಗೆ ತೀರಿಕೊಂಡಳೆಂಬ ಖಬರು ಸಂಗಪ್ಪನಿಗೆ ಮುಟ್ಟಿದ್ದು ಗದಗಿನ ಪ್ರೆಸ್ಸಿನಲ್ಲಿ, ಅಚ್ಚು ಹಾಕುವ ಟ್ರೆಡಲ್ ಮಷಿನ್ನಿಗೆ ಮಸಿ ಹಚ್ಚುತ್ತಿದ್ದಾಗ. ಕೈ ಕೂಡ ಸರಿಯಾಗಿ ತೊಳೆಯದೆ ಬೆಟಗೇರಿಯ ಹಾದಿ ಹಿಡಿದಿದ್ದ. ದಾರಿಯಲ್ಲಿ ಅವನಿಗೆ ಸತ್ತವಳ ಮುಖಕ್ಕಿಂತ ಮೊದಲು ಅವಳ ಬುಟ್ಟಿ ನೆನಪಾಯಿತು. ಛೇ, ಹೆಣ ಇನ್ನೂ ಮನೆಯಲ್ಲೇ ಇದೆ ಎಂದು ತನ್ನನ್ನು ತಾನೇ ಬೈದುಕೊಂಡ. ಆದರೂ ಬೆಟಗೇರಿ ಮುಟ್ಟುವಷ್ಟರಲ್ಲಿ ಬುಟ್ಟಿ ಮತ್ತೆ ಕಣ್ಣ ಮುಂದೆ ಬಂದಿತ್ತು.

ಖೈರುನಬಿಯ ಗಂಡ ಅಲ್ಲಾಸಾಬನದು ಸೈಕಲ್ ರಿಪೇರಿ ಅಂಗಡಿ. ಅದರ ಪಕ್ಕದಲ್ಲಿ ಗೋಣಿತಟ್ಟು ಹಾಸಿ, ಬುಟ್ಟಿ ಮುಂದಿಟ್ಟುಕೊಂಡು ಅವಳು ಹತ್ತು ವರ್ಷ ರಬ್ಬರ್ ಮೀನು ಮಾರಿದ್ದಳು. ಹರಿದ ಟ್ಯೂಬು, ಸವೆದ ಚಪ್ಪಲಿ, ಟೈರಿನ ತುಂಡುಗಳಿಂದ ಅವಳೇ ಕತ್ತರಿಸಿ, ತಂತಿಯಿಂದ ಜೋಡಿಸಿ, ಹೊಟ್ಟೆಗೆ ಗಾಳ ಕಟ್ಟಿದ ಮೀನುಗಳು. ನೀರಿಗೆ ಎಸೆದು ಎಳೆದರೆ ಜೀವ ಇದ್ದಂತೆ ಮೈ ಬಳುಕಿಸಿ ಈಜುತ್ತಿದ್ದವು. ಸಂಗಪ್ಪ, ಕರೀಮಸಾಬರೂ ಸೇರಿ ಭಾನುವಾರ ಡಂಬಳದ ಕೆರೆಗೆ ಗಾಳ ಹಾಕಲು ಹೋಗುವ ಹತ್ತು ಹನ್ನೆರಡು ಮಂದಿಯೂ ಅವಳ ಗಿರಾಕಿಗಳೇ. ಆ ಕೆರೆಯ ಮರಲ ಮೀನು ಹಾವಿನಂಥ ತಲೆಯದು, ಮಹಾ ಹಟಮಾರಿ. ಬಿದ್ದಿರುವ ಹಿಟ್ಟಿನುಂಡೆಯನ್ನು ಮೂಸಿಯೂ ನೋಡುವುದಿಲ್ಲ. ಕಣ್ಣ ಮುಂದೆ ಓಡುವುದನ್ನು ಮಾತ್ರ ಬೆನ್ನಟ್ಟುತ್ತದೆ.

ಒಳಗೆ ಚಾಪೆಯ ಮೇಲೆ ಗಂಡಸರು ಕೂತಿದ್ದರು. ಪರದೆಯ ಆಚೆಯಿಂದ ಹೆಂಗಸರ ಅಳು ಬಿಟ್ಟುಬಿಟ್ಟು ಕೇಳುತ್ತಿತ್ತು. ಅಲ್ಲಾಸಾಬ ಸಂಗಪ್ಪನ ಎರಡೂ ಕೈ ಹಿಡಿದುಕೊಂಡ. ಜ್ವರವಿಲ್ಲ, ಕೆಮ್ಮಿಲ್ಲ, ನಿನ್ನೆ ಸಂಜೆ ಒಂದು ಟ್ಯೂಬು ಕತ್ತರಿಸಿ ಮುಗಿಸಿದ್ದಳು, ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ ಎಂದು ಬಂದವರಿಗೆಲ್ಲ ಹೇಳಿದ್ದನ್ನೇ ಮತ್ತೆ ಹೇಳಿದ. ಸಂಗಪ್ಪ ತಲೆಯಾಡಿಸುತ್ತ ಕೇಳಿದ. ಅವನ ಕಣ್ಣು ಮಾತ್ರ ಅಲ್ಲಾಸಾಬನ ಮಗ್ಗುಲಲ್ಲಿ ಕೂತ ಕರೀಮಸಾಬನ ಕಂಕುಳಲ್ಲಿತ್ತು. ಅಲ್ಲೊಂದು ಉಬ್ಬಿದ ಕೈಚೀಲ. ಚೀಲವನ್ನು ಅವನು ಕೆಳಗೆ ಇಟ್ಟಿರಲಿಲ್ಲ.

ಬುಟ್ಟಿಯಲ್ಲಿದ್ದದ್ದೆಲ್ಲ ಆಗಲೇ ಅದರೊಳಗೆ ಹೋಗಿದೆ ಎಂದುಕೊಂಡ ಸಂಗಪ್ಪ.

ಅಷ್ಟರಲ್ಲಿ ಪರದೆ ಸರಿಸಿ ಒಬ್ಬ ಮುದುಕಿ ಕೈಚಾಚಿದಳು. ಕರೀಮಸಾಬ ಎದ್ದು ಚೀಲ ಬಿಚ್ಚಿ, ಬಿಳಿ ಬಟ್ಟೆಯ ಸುರುಳಿ, ಕರ್ಪೂರದ ಪೊಟ್ಟಣ, ಅತ್ತರಿನ ಶೀಸೆ ಒಂದೊಂದಾಗಿ ತೆಗೆದುಕೊಟ್ಟ. ಖಾಲಿಯಾದ ಚೀಲವನ್ನು ಮಡಚಿ ಕಿಸೆಗೆ ಹಾಕಿಕೊಂಡ. ಸಂಗಪ್ಪ ತನ್ನ ಮಸಿ ಹತ್ತಿದ ಬೆರಳುಗಳನ್ನು ನೋಡಿಕೊಂಡು ಕೂತ. ನಾಚಿಕೆ ಸ್ವಲ್ಪ ಹೊತ್ತು ಇತ್ತು. ಆಮೇಲೆ ಮತ್ತೊಂದು ಯೋಚನೆ ಬಂತು. ಇಷ್ಟು ಮಂದಿಯಲ್ಲಿ ಪೇಟೆಗೆ ಕರೀಮಸಾಬನನ್ನೇ ಯಾಕೆ ಕಳಿಸಿದರು? ಈ ಮನೆಗೆ ಅವನು ಅಷ್ಟು ಹತ್ತಿರದವನು ಅಂದ ಹಾಗಾಯಿತು.

*

ಎಪ್ಪತ್ನಾಲ್ಕರಲ್ಲಿ ಓವರ್ಸಿಯರರೊಬ್ಬರು ಬಾಲ ಹರಿದ ವಿಲಾಯತಿ ರಬ್ಬರ್ ಮೀನೊಂದನ್ನು ಅಲ್ಲಾಸಾಬನ ಅಂಗಡಿಗೆ ತಂದಿದ್ದರು. ಟ್ಯೂಬಿಗೆ ಪಂಕ್ಚರ್ ಹಚ್ಚುವ ಸಲ್ಯೂಷನ್ನಿನಿಂದ ಬಾಲ ಅಂಟಿಸಿಕೊಡು ಎಂದರು. ಅಂಟಿದೆಯೋ ಇಲ್ಲವೋ ನೋಡಲು ಖೈರುನಬಿ ಅದನ್ನು ಓಣಿಯ ದನಗಳು ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಬಿಟ್ಟು ದಾರ ಹಿಡಿದು ಎಳೆದಳು. ಮೂರು ತುಂಡು ಜೋಡಿಸಿ ಮಾಡಿದ ಆ ಮೀನು ಆ ತುದಿಯಿಂದ ಈ ತುದಿಗೆ ಈಜಿಕೊಂಡು ಬಂತು. ಅವಳು ಮತ್ತೆ ಬಿಟ್ಟಳು, ಮತ್ತೆ ಎಳೆದಳು. ಓವರ್ಸಿಯರರು ಬಂದು ಒಯ್ಯುವವರೆಗೂ ಎಳೆಯುತ್ತಲೇ ಇದ್ದಳಂತೆ. ಮರುದಿನ ಒಲೆಯ ಮುಂದೆ ಕೂತು ಹಳೆಯ ಟ್ಯೂಬಿನಿಂದ ತನ್ನ ಮೊದಲ ಮೀನು ಕತ್ತರಿಸಿದಳು. ಅದು ಮುಳುಗಿತು. ಎರಡನೆಯದು ತೇಲಿತು. ಏಳನೆಯದೋ ಎಂಟನೆಯದೋ ಈಜಿತು.

ಅಂಥ ವಿಲಾಯತಿ ಮೀನನ್ನು ಸಂಗಪ್ಪ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೈಗೆ ತೆಗೆದುಕೊಂಡು, ಬೆಲೆ ಕೇಳಿ, ಮೆಲ್ಲಗೆ ಗಾಜಿನ ಮೇಲೆ ವಾಪಸ್ಸು ಇಟ್ಟು ಬಂದಿದ್ದ. ನಲವತ್ತೈದು ರೂಪಾಯಿ. ಖೈರುನಬಿಯ ಮೀನಿಗೆ ಎರಡು ರೂಪಾಯಿ. ಹೀಗಾಗಿ ಅವನು ಅವಳ ಮೊದಲ ಗಿರಾಕಿಗಳಲ್ಲಿ ಒಬ್ಬನಾದ.

ಕೊಳ್ಳಲು ಹೋದವರನ್ನು ಅವಳು ಸುಮ್ಮನೆ ಕಳಿಸುತ್ತಿರಲಿಲ್ಲ. ಒಂದು ದಾರದ ತುದಿ ಅವರ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು, ಕೆರೆಯಲ್ಲಿ ಎಳೆದಂತೆ ಒಮ್ಮೆ ಎಳೆಯಿರಿ ಅನ್ನುತ್ತಿದ್ದಳು. ಗಿರಾಕಿಗಳು ಇದೊಂದು ತಮಾಷೆ ಎಂದುಕೊಂಡು ಎಳೆಯುತ್ತಿದ್ದರು. ಆಮೇಲೆ ಅವರು ಬುಟ್ಟಿಯಿಂದ ಎತ್ತಿಕೊಂಡದ್ದನ್ನು ಎಷ್ಟೋ ಸಲ ಕಸಿದು ಬೇರೆಯದನ್ನು ಕೈಗಿಡುತ್ತಿದ್ದಳು. ಸಂಗಪ್ಪನಿಗೆ ಪ್ರತಿ ಸಲವೂ ಸಿಗುತ್ತಿದ್ದದ್ದು ದಪ್ಪ ತಲೆಯ, ಗಿಡ್ಡ ಬಾಲದ, ಕಪ್ಪೆಯಂತೆ ಕಾಣುವ ಮೀನು. ಅದಕ್ಕೂ ಮರಲ ಬೀಳುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಬಳೆ ಮಾರುವ ಕರೀಮಸಾಬನಿಗೆ ಸಿಗುತ್ತಿದ್ದದ್ದು ಬೇರೆಯೇ. ತೆಳ್ಳಗೆ, ನೀಳ ಬಾಲದ್ದು, ಎರಡೂ ಬದಿಗೆ ನೀಲಿ ಗಾಜಿನ ಕಣ್ಣಿನದು. ಆ ಗಾಜು ಕರೀಮಸಾಬನ ಒಡೆದ ಬಳೆಗಳ ಚೂರು. ಅವನೇ ಪುಕ್ಕಟೆ ತಂದು ಕೊಡುತ್ತಿದ್ದ.

ಇದನ್ನು ತಿಳಿದ ದಿನದಿಂದ ಸಂಗಪ್ಪನ ಮನಸ್ಸಿನಲ್ಲಿ ಹುಳ ಹೊಕ್ಕಿತು. ಯಾರಿಗೆ ಯಾವ ಮೀನು ಹೋಗುತ್ತದೆ, ಯಾರಿಗೆ ಎಷ್ಟು ಬೀಳುತ್ತದೆ ಎಂದು ನೋಡತೊಡಗಿದ. ಎಂಬತ್ತೊಂದರ ಮಳೆಗಾಲ ಮುಗಿದ ಮೇಲೆ ಕರೀಮಸಾಬ ಮೊಣಕೈಯಿಂದ ಬೆರಳ ತುದಿವರೆಗಿನ ಅಳತೆಗಿಂತ ಉದ್ದದ ಮರಲ ಹಿಡಿದಾಗ ಅವನಿಗೆ ತಡೆಯಲಾಗಲಿಲ್ಲ.

ಅಂದು ಸಂತೆ. ಅಂಗಡಿಯ ಮುಂದೆ ಐದಾರು ಮಂದಿ ನಿಂತಿದ್ದರು. ಸಂಗಪ್ಪ ಬುಟ್ಟಿಯಿಂದ ನೀಲಿ ಕಣ್ಣಿನದನ್ನೇ ಎತ್ತಿಕೊಂಡ.

"ಅದು ನಿಮಗ ಬ್ಯಾಡ ಸಂಗಪ್ಪಣ್ಣ. ಇದನ್ನ ತೊಗೊಳ್ರಿ," ಎಂದು ಖೈರುನಬಿ ದಪ್ಪ ತಲೆಯದನ್ನು ಮುಂದೆ ಮಾಡಿದಳು.

"ಯಾಕ ಬ್ಯಾಡ? ಬಳಿ ಚೂರು ಕೊಟ್ಟವ್ರಿಗೆ ಚೊಲೋ ಮೀನು, ರೊಕ್ಕ ಕೊಟ್ಟವ್ರಿಗೆ ಉಳದದ್ದು ಬಳದದ್ದು. ನಮಗೂ ಕಣ್ಣ ಅದಾವಬೇ ಅಕ್ಕಾ."

ಅಲ್ಲಾಸಾಬ ಪಂಪು ಹೊಡೆಯುವುದನ್ನು ನಿಲ್ಲಿಸಿದ. ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಖೈರುನಬಿ ಸಂಗಪ್ಪನ ಕೈಯ ಕಡೆ ನೋಡಿದಳು. ನೀಲಿ ಕಣ್ಣಿನ ಮೀನನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

"ಇನ್ನ ಮ್ಯಾಲೆ ನೀವ ಆರಿಸ್ಕೊಳ್ರಿ," ಎಂದಳು.

ಅಂದಿನಿಂದ ಮೂರು ವರ್ಷ ಅವನೇ ಆರಿಸಿಕೊಂಡ. ಅವಳು ದಾರ ಎಳೆಯಲು ಕೊಡಲಿಲ್ಲ, ಕೈಯಿಂದ ಕಸಿಯಲಿಲ್ಲ. ತೆಳ್ಳನೆಯ ಮೀನು ಕೆರೆಯಲ್ಲಿ ಅವನು ಎಳೆದ ಕೂಡಲೇ ನೀರ ಮೇಲಕ್ಕೆ ಬಂದು, ಮಗ್ಗುಲಾಗಿ ಮಲಗಿ, ಒಣ ಎಲೆಯಂತೆ ಗಿರಿಗಿರಿ ತಿರುಗುತ್ತಿತ್ತು. ಮರಲ ಹತ್ತಿರವೂ ಸುಳಿಯುತ್ತಿರಲಿಲ್ಲ. ತನಗೆಂದೇ ಒಳಗೆ ಏನೋ ಕಿತಾಪತಿ ಮಾಡಿ ಇಟ್ಟಿರುತ್ತಾಳೆ ಎಂದು ಸಂಗಪ್ಪ ನಂಬಿದ. ಒಮ್ಮೆ ಬ್ಲೇಡಿನಿಂದ ಒಂದನ್ನು ಉದ್ದಕ್ಕೆ ಸೀಳಿ ನೋಡಿದ. ರಬ್ಬರು ಬಿಟ್ಟು ಒಳಗೆ ಏನೂ ಇರಲಿಲ್ಲ. ಏನೂ ಸಿಗದಂತೆ ಮಾಡಿದ್ದಾಳೆ, ಜಾಣೆ, ಎಂದುಕೊಂಡ.

*

ಹೆಣಕ್ಕೆ ಸ್ನಾನ ಮಾಡಿಸಲು ಹಿತ್ತಲಿನಲ್ಲಿ ಕಾಸಿದ್ದ ನೀರನ್ನು ಹೆಂಗಸರು ಕೊಡಕೊಡವಾಗಿ ಒಳಗೆ ಒಯ್ದು ಮುಗಿಸಿದ್ದರು. ಬಾಯಾರಿದೆಯೆಂದು ಎದ್ದ ಸಂಗಪ್ಪ ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದ. ನೀರಿನ ಹರವಿ ಎದುರಿಗೇ ಇತ್ತು. ಅವನು ಅದನ್ನು ದಾಟಿ ತಗಡಿನ ಇಳಿಜಾರಿನ ಕೆಳಗೆ ಬಗ್ಗಿದ. ಟ್ಯೂಬಿನ ಸುರುಳಿ, ಕತ್ತರಿ, ತಂತಿ, ಬುಟ್ಟಿ. ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ಒಂದೊಂದೇ ಮೀನು ಎಣಿಸತೊಡಗಿದ.

ಹಿಂದೆ ಯಾರೋ ನಿಂತಂತಾಯಿತು. ತಿರುಗಿದರೆ ಕರೀಮಸಾಬ.

"ನೀ ಇಲ್ಲಿಗೆ ಬರ್ತಿ ಅಂತ ಗೊತ್ತಿತ್ತು," ಎಂದ ಕರೀಮಸಾಬ. ದನಿ ಏರಿಸಲಿಲ್ಲ. ಅವನ ಕಣ್ಣುಗಳು ಕೆಂಪಾಗಿದ್ದವು. "ಎಲ್ಲೆ ಇಟ್ಟಾಳ, ಸಿಕ್ತೇನು?"

"ಏನು?"

"ದಪ್ಪ ತಲೀವು. ನಾ ಆರು ವರ್ಸ ಕೇಳೀನಿ, ನನಗ ಅಂಥಾದ್ದೊಂದರ ಕೊಡು ಅಂತ. ಒಂದೂ ಕೊಡಲಿಲ್ಲ. ಅವು ಸಂಗಪ್ಪಣ್ಣನ್ವು ಅಂತಿದ್ಲು. ಆಕೀಗೆ ನೀ ಏನ ಕೊಡ್ತಿದ್ದೆಪಾ?"

ಸಂಗಪ್ಪನಿಗೆ ಇವನು ನಾಟಕ ಮಾಡುತ್ತಿದ್ದಾನೆ ಅನ್ನಿಸಿತು. ಕರೀಮಸಾಬನ ಮುಖವನ್ನೇ ನೋಡಿದ. ತಾನು ಇಷ್ಟು ವರ್ಷ ಅವನನ್ನು ನೋಡಿದ ಹಾಗೆಯೇ ಅವನೂ ತನ್ನನ್ನು ನೋಡುತ್ತಿದ್ದ.

ಒಳಗಿನಿಂದ ಖಾಲಿ ಕೊಡ ಹಿಡಿದು ಬಂದ ದಿಲಶಾದಬಿ ಇಬ್ಬರನ್ನೂ ಕಂಡು ನಿಂತಳು. ಖೈರುನಬಿಯ ಒಬ್ಬಳೇ ಮಗಳು, ಮುಂದಿನ ಓಣಿಗೇ ಕೊಟ್ಟವಳು. ದಿನಾ ಮಧ್ಯಾಹ್ನ ಬಂದು ತಾಯಿಯ ಜೊತೆ ಕೂತು ಮೀನಿಗೆ ತಂತಿ ಜೋಡಿಸುತ್ತಿದ್ದಳು. ಸಂಗಪ್ಪನ ಕೈ ಇನ್ನೂ ಬುಟ್ಟಿಯೊಳಗಿತ್ತು.

"ಅವ್ವನ್ನ ಇನ್ನೂ ಹೊರಗ ತಂದಿಲ್ಲ ಕಾಕಾ," ಎಂದಳು.

ಸಂಗಪ್ಪ ಕೈ ಹಿಂದೆ ತೆಗೆದ. ಬುಟ್ಟಿಯ ಮೇಲೆ ಬಟ್ಟೆ ಮತ್ತೆ ಎಳೆದ. ದಿಲಶಾದಬಿ ಕೊಡ ಕೆಳಗಿಟ್ಟು, ಗೋಡೆಯ ಗೂಡಿನಿಂದ ಬಿಸ್ಕೀಟಿನ ತಗಡಿನ ಡಬ್ಬಿಯೊಂದನ್ನು ಇಳಿಸಿ ಅವನ ಮುಂದೆ ತೆರೆದಳು. ಒಳಗೆ ಏಳು ಮೀನುಗಳಿದ್ದವು. ಏಳೂ ದಪ್ಪ ತಲೆಯವು, ಗಿಡ್ಡ ಬಾಲದವು. ಒಂದರ ರಬ್ಬರು ಹಳತಾಗಿ ಬೂದು ಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಮೊನ್ನೆಮೊನ್ನೆ ಕತ್ತರಿಸಿದ್ದು.

"ನೀವು ಬಿಟ್ಟ ಮ್ಯಾಲೂ ಕೆರಿ ತುಂಬಿದಾಗೊಮ್ಮೆ ಎರಡೋ ಮೂರೋ ಮಾಡಿ ಇಡ್ತಿದ್ಲು. ಎಂದರ ಕೇಳಿದ್ರ ಕೊಡಬೇಕು ಅಂತ. ಬ್ಯಾರೇದವ್ರಿಗೆ ಬರೂದಿಲ್ಲ ಇವು."

ಅದು ಯಾಕೆಂದು ಕೇಳಿದವನು ಕರೀಮಸಾಬ.

"ಸಂಗಪ್ಪಕಾಕಾಂದು ಮಷಿನ್ನಿನ್ಯಾಗ ಕಾಗದ ಕೊಟ್ಟು ಗಕ್ಕನ ಹಿಂದ ತಗಿಯೂ ಕೈ. ದಾರಾನೂ ಹಂಗ ಜಗ್ಗತಾರ. ಹಗೂರ ಮೀನು ಕಟ್ಟಿದ್ರ ನೀರ ಮ್ಯಾಲೆ ಎದ್ದು ಅಡ್ಡ ಬೀಳತೈತಿ. ಅದಕ್ಕ ತಲಿಯಾಗ ಸೀಸ ಕಾಸಿ ಹಾಕ್ತಿದ್ಲು. ನಿಮ್ಮದು ಬಳಿ ಇಡಸೂ ಕೈ, ಸಾವಕಾಶ. ನಿಮಗ ಇದನ್ನ ಕೊಟ್ರ ತಳಾ ಹಿಡದು ಕುಂಡ್ರತೈತಿ."

ಹಾಗಾದರೆ ಅಂದು ಸಂತೆಯ ದಿನವೇ ಇದನ್ನು ಹೇಳಬಹುದಿತ್ತಲ್ಲ ಎಂದ ಸಂಗಪ್ಪ. ಅವನ ದನಿ ಅವನಿಗೇ ಜಗಳದವನ ದನಿಯಂತೆ ಕೇಳಿತು.

"ನಾನೂ ಅವ್ವಗ ಕೇಳಿದೆ," ಎಂದಳು ದಿಲಶಾದಬಿ. "ಅಷ್ಟು ಮಂದಿ ಮುಂದ ನಿಮ್ಮ ಕೈಯಾಗ ದೋಷ ಐತಿ ಅಂತ ಹೆಂಗ ಹೇಳ್ಲಿ, ಆ ಕೈಲೇ ದುಡದು ಮಕ್ಕಳನ್ನ ಸಾಕ್ಯಾರ ಅವ್ರು, ಅಂದ್ಲು."

ಒಳಗಿನಿಂದ ಯಾರೋ ಕೂಗಿದರು. ಅವಳು ಹರವಿಯಿಂದ ಕೊಡ ತುಂಬಿಕೊಂಡು ಹೋದಳು.

ಸಂಗಪ್ಪ ಡಬ್ಬಿಯಿಂದ ಒಂದು ಮೀನು ಎತ್ತಿಕೊಂಡು ಉಗುರಿನಿಂದ ಒತ್ತಿ ನೋಡಿದ. ಹೊಟ್ಟೆಯ ಹೊಲಿಗೆ, ತಂತಿಯ ಕೊಂಡಿ, ಗಾಳದ ಗಂಟು ಎಲ್ಲವನ್ನೂ ಬಿಸಿಲಿಗೆ ಹಿಡಿದು ನೋಡಿದ. ಎಲ್ಲಾದರೂ ಒಂದು ಮೋಸ ಸಿಕ್ಕರೆ ಸಾಕು ಅನ್ನುವ ಹಾಗೆ ಮತ್ತೆ ಮತ್ತೆ ನೋಡಿದ. ಗಂಟುಗಳೆಲ್ಲ ಎರಡೆರಡು ಸುತ್ತು ಬಿಗಿದಿದ್ದವು. ಕರೀಮಸಾಬ ಪಕ್ಕದಲ್ಲೇ ನಿಂತಿದ್ದ, ಕೈ ಚಾಚಲಿಲ್ಲ. ಸಂಗಪ್ಪ ಮೀನನ್ನು ಡಬ್ಬಿಯಲ್ಲಿಟ್ಟು, ಮುಚ್ಚಳ ಹಾಕಿ, ಗೂಡಿನಲ್ಲಿ ಎಲ್ಲಿತ್ತೋ ಅಲ್ಲೇ ಇಟ್ಟ.

*

ಮಧ್ಯಾಹ್ನದ ನಮಾಜಿಗೆ ಮೊದಲೇ ಮಣ್ಣು ಮಾಡುವುದೆಂದಾಯಿತು. ಕಬರಸ್ತಾನದವರೆಗೆ ಸಂಗಪ್ಪನೂ ಎರಡು ಸಲ ಹೆಗಲು ಕೊಟ್ಟ. ಪ್ರಾರ್ಥನೆಗೆ ಎಲ್ಲರೂ ಸಾಲಾಗಿ ನಿಂತಾಗ ಅವನು ಬೇವಿನ ಗಿಡದ ಕೆಳಗೆ ಟೋಪಿ ಕೈಯಲ್ಲಿ ಹಿಡಿದು ಒಬ್ಬನೇ ನಿಂತಿದ್ದ. ಅವಳನ್ನು ಕೆಳಗಿಳಿಸಿ, ಹಲಗೆ ಮುಚ್ಚಿದ ಮೇಲೆ ಅಲ್ಲಾಸಾಬ ತಿರುಗಿ ಅವನನ್ನು ಹುಡುಕಿ, ಕಣ್ಣಿನಲ್ಲೇ ಕರೆದ. ಸಂಗಪ್ಪ ಬಂದು ಸಾಲಿನಲ್ಲಿ ಸೇರಿಕೊಂಡ. ಅವನ ಹಿಂದೆ ಕರೀಮಸಾಬ ಇದ್ದ.

ಒಬ್ಬೊಬ್ಬರಿಗೆ ಮೂರು ಹಿಡಿ ಮಣ್ಣು. ಸಂಗಪ್ಪ ಬಗ್ಗಿ ಮೊದಲ ಹಿಡಿ ಎತ್ತಿ ಹಾಕಿದ. ಕೈ ಹೋದದ್ದೂ ಹಿಂದಕ್ಕೆ ಬಂದದ್ದೂ ಅವನಿಗೇ ಗೊತ್ತಾಗಲಿಲ್ಲ. ಅರ್ಧ ಮಣ್ಣು ಗುಂಡಿಯ ಆಚೆ ಅಂಚಿಗೆ ಹೋಗಿ ಬಿತ್ತು. ಎರಡನೆಯದೂ ಹಾಗೆಯೇ. ಅವನು ತನ್ನ ಕೈಯನ್ನು ನೋಡಿಕೊಂಡ. ಮೂರನೆಯ ಹಿಡಿ ತುಂಬಿಕೊಂಡು ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತ. ತೋಳನ್ನು ಒಳಗೆ ಹೋಗುವಷ್ಟು ಚಾಚಿ, ಒಂದು ಬೆರಳು ಸಡಿಲ ಮಾಡಿದ. ಆಮೇಲೆ ಇನ್ನೊಂದು. ಕರಿಮಣ್ಣು ಸಣ್ಣ ಎಳೆಯಾಗಿ, ಸಪ್ಪಳವಿಲ್ಲದೆ ಹಲಗೆಯ ಮೇಲೆ ಇಳಿಯತೊಡಗಿತು. ಸಾಲು ನಿಂತಿತು. ಬಿಸಿಲು ನೆತ್ತಿಗೆ ಬಂದಿತ್ತು. ಹಿಂದೆ ಕರೀಮಸಾಬ ತನ್ನ ಹಿಡಿಮಣ್ಣನ್ನು ಎದೆಯ ಹತ್ತಿರ ಹಿಡಿದುಕೊಂಡು, ಯಾರೂ ಮುಂದೆ ಒತ್ತದಂತೆ ಒಂದು ತೋಳು ಅಡ್ಡ ಚಾಚಿ ನಿಂತಿದ್ದ.