ಸಕ್ಕರೆ ಇಲ್ಲದ ಮನೆ

ಡಾಕ್ಟರು ಸಕ್ಕರೆ ಬಿಡಿಸಿ ಎಂದ ದಿನವೇ ಶಿವನಂಜಮ್ಮ ಸಕ್ಕರೆಯನ್ನು ಡಬ್ಬಿ ಸಮೇತ ಪಕ್ಕದ ಮನೆಗೆ ದಾಟಿಸಿದ್ದಳು. ಅಂದಿನಿಂದ ಗಂಡ ಜವರಯ್ಯನಿಗೆ ಕಾಫಿಯೂ ಬಂದ್. ಮೂರು ಹೊತ್ತೂ ಶುಂಠಿ, ಮೆಣಸು, ಜೀರಿಗೆಯ ಕಷಾಯ. ಅದಕ್ಕೆ ಹೆಡತಲೆ ಊರಿನ ಆಲೆಮನೆಯಿಂದ ತಂದ ಅಪ್ಪಟ ಬೆಲ್ಲ. ಆದರೂ ಇವತ್ತು ನಂಜನಗೂಡಿನ ಲ್ಯಾಬಿನವರು, ರಕ್ತದಲ್ಲಿ ಸಕ್ಕರೆ ಇನ್ನೂ ಏರಿದೆ ಎಂದರು.

ಬಸ್ಸಿನಲ್ಲಿ ಅವಳಿಗೆ ಗಂಡನ ಮೇಲೆಯೇ ಅನುಮಾನ. "ಓಟ್ಲಲ್ಲಿ ಕದ್ದು ಟೀ ಕುಡುದ್ರೇನು? ನಿಜ ಯೋಳಿ."

"ನಿನ್ನ ಕಷಾಯ ಬುಟ್ರೆ ಬ್ಯಾರೆ ಏನೂ ಮುಟ್ಟಿಲ್ಲ ಕಣಮ್ಮಿ," ಎಂದ ಜವರಯ್ಯ. ಅವನ ತುಟಿ ಒಣಗಿತ್ತು.

ಮನೆಗೆ ಬಂದವಳೇ ಕಷಾಯಕ್ಕೆ ಒಂದು ಹಿಡಿ ಮೆಂತ್ಯ ಹಾಕಿ ಕುದಿಸಿ ಕೊಟ್ಟಳು. ಕಹಿಗೆ ಅವನು ಮುಖ ಕಿವುಚಿದ.

"ಇಂಗಿದ್ರೆ ಇದ್ನೂ ಬುಟ್ಬುಡ್ತೀರಿ, ತಾಳಿ," ಎಂದು ಇನ್ನೊಂದು ಅಚ್ಚು ಬೆಲ್ಲ ಜಜ್ಜಿದಳು.