ಎರಡು ಸೀಟಿನ ಕಾರಿಗೊಂದು ಬೆಂಚು

ಕಾರು ಮಾರುವ ನಮ್ಮ ಮೈಸೂರಿನ ಅಂಗಡಿಗೆ ಆ ಕೆಂಪು ಸ್ಪೋರ್ಟ್ಸ್ ಕಾರು ಬಂದು ವರ್ಷವಾಗಿತ್ತು. ಕಾರಿನ ಹುಚ್ಚಿದ್ದ ಕೊಡಗಿನ ಎಸ್ಟೇಟಿನವರು ಬಂದು, ನೋಡಿ, ಸವರಿ ಹೋಗಿದ್ದರು.

“ಹುಚ್ಚರನ್ನು ನಂಬಿದ್ದು ಸಾಕು. ಸಂಸಾರಸ್ಥರಿಗೆ ಮಾರಿ,” ಎಂದರು ಮಾಲೀಕರು. “ಈ ತಿಂಗಳು ಅದು ಹೋಗದಿದ್ದರೆ ನೀವು ಹೋಗಬಹುದು.”

ಸಂಸಾರಸ್ಥರಿಗೆ ಎರಡು ಸೀಟು ಸಾಲದು. ಹುಣಸೂರಿನ ಬಡಗಿ ಸಣ್ಣಬೀರಯ್ಯನಿಂದ ತೇಗದ ಬೆಂಚು ಮಾಡಿಸಿ, ಕಾರಿನ ಹಿಂಭಾಗಕ್ಕೆ ಬೋಲ್ಟು ಹಾಕಿಸಿದೆ. ಅದು ಹಿಂದಿನ ಚಕ್ರಗಳ ಅಚ್ಚಿಗಿಂತ ಒಂದು ಗೇಣು ಹಿಂದಕ್ಕೆ ಬಂತು. ಬಿ.ಎಸ್ಸಿ.ಯಲ್ಲಿ ಸನ್ನೆಗೋಲಿನ ಲೆಕ್ಕ ಮಾಡಿದ್ದವನು ನಾನು. ಅಳೆದು ನೋಡಿದೆ, ಯಾರಿಗೂ ಹೇಳಲಿಲ್ಲ.

ಕಂಪಲಾಪುರದ ಹೊಗೆಸೊಪ್ಪಿನ ವ್ಯಾಪಾರಿ ಗಂಗಾಧರಪ್ಪ ಕಾರು ಕಂಡೊಡನೆ ಮರುಳಾದರು. ಅವರ ಹೆಂಡತಿ ಶಿವನಂಜಮ್ಮ ಒಪ್ಪಿದ್ದು ಮಾತ್ರ ಬೆಂಚು ನೋಡಿ. ಆಕೆಯ ತವರು ಬೆಟ್ಟದಪುರದವರೆಗೆ ಓಡಿಸಿ ತೋರಿಸುವುದೆಂದಾಯಿತು. ನನ್ನ ಪಕ್ಕ ಗಂಗಾಧರಪ್ಪ. ಬೆಂಚಿನ ಮೇಲೆ ಮಗ, ಮಗಳು, ನಡುವೆ ಶಿವನಂಜಮ್ಮ.

ಕೆರೆ ಏರಿಯ ತಿರುವಿನಲ್ಲಿ ಸ್ಟಿಯರಿಂಗ್ ಒಮ್ಮೆಲೇ ಹಗುರವಾಯಿತು. ತಿರುಗಿಸಿದರೂ ಕಾರು ಒಂದು ಮಾರು ನೀರಿನ ಕಡೆಗೇ ನೆಟ್ಟಗೆ ಹೋಯಿತು. ಬ್ರೇಕು ಒತ್ತಿ ನಿಲ್ಲಿಸಿದೆ.

“ಅತ್ತೆ ಮನೆ ದಾರಿ ಅಂದ್ರೆ ಕಾರ್ಗೂ ಭಯ ಕಣ್ರೀ!” ಎಂದು ಗಂಗಾಧರಪ್ಪ ನಕ್ಕರು.

ಶಿವನಂಜಮ್ಮ ನಗಲಿಲ್ಲ. “ಸ್ವಾಮಿ, ಗಾಡಿಗೆ ಹಿಂದ್ಗಡೆ ಜಾಸ್ತಿ ಹೇರುದ್ರೆ ನೊಗ ಎತ್ನ ಕತ್ತಿಂದ ಮೇಲಕ್ಕೇಳ್ತದೆ. ಇದೂ ಅಂಗೇ ಹಿಂಭಾರ ಆಯ್ತದಾ?”

“ಅದು ಎತ್ತಿನ ಗಾಡಿ, ಇದು ಮೋಟ್ರು ಕಣೆ.”

“ನಿಮ್ನ ಕೇಳ್ಲಿಲ್ಲ. ಓದ್ದೋರು ಹೇಳ್ಲಿ.”

‘ಇಲ್ಲ’ ಎಂದುಬಿಟ್ಟರೆ ನನ್ನ ಕೆಲಸ ಉಳಿಯುತ್ತದೆ. ಹಿಂದಿರುಗಿ ನೋಡಿದೆ. ಮಗಳು ಎರಡೂ ಕೈಯಲ್ಲಿ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು.

“ಆಗುತ್ತೆ ಅಮ್ಮಾ. ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರಕ್ಕೆ ಹಿಡಿತ ಇರೋದಿಲ್ಲ. ನನಗೆ ಮೊದಲೇ ಗೊತ್ತಿತ್ತು.”

ಗಂಗಾಧರಪ್ಪ ಇಳಿದು ಕಾರಿನ ಸುತ್ತ ಒಂದು ಸುತ್ತು ಬಂದರು. ಬಯ್ಯುತ್ತಾರೆಂದುಕೊಂಡೆ. ಅವರು ಬಾನೆಟ್ಟಿನ ಮೇಲೆ ಕೈಯಾಡಿಸಿದರು.

“ಅಂಗಾರೆ ಆ ಬೆಂಚಿನ ಅಲ್ಗೆ ಕಿತ್ತಾಕ್ರಿ. ಕಾರು ನಂಗೇ ಇರ್ಲಿ. ನಾನು ಮಗನ್ನ ತೊಡೆ ಮ್ಯಾಲೆ ಕೂರುಸ್ಕೊತೀನಿ. ಇವ್ಳಿಗೂ ಮಗ್ಳಿಗೂ ಬಸ್ ಐತಲ್ಲ.”

ಕೆಲಸ ಉಳಿಯಿತು. ನಾನು ಸ್ಪ್ಯಾನರ್ ತೆಗೆದುಕೊಂಡು ರಸ್ತೆಯಲ್ಲಿ ಮೊಣಕಾಲೂರಿದೆ. ಶಿವನಂಜಮ್ಮ ಮಗಳನ್ನು ಇಳಿಸಿಕೊಂಡು, ಸೆರಗಿನ ಧೂಳು ಕೊಡವಿ, ನನ್ನ ಹತ್ತಿರ ಬಂದು ನಿಂತರು.

“ನಿಜ ಹೇಳುದ್ರಿ, ಒಳ್ಳೇದಾಯ್ತು. ಆದ್ರೆ ಇದ್ರಲ್ಲಿ ನಂಗೂ ಜಾಗ ಐತೆ ಅಂತ ಮೊದ್ಲು ತೋರ್ಸಿದ್ದು ಯಾಕ್ರೀ?”

ನಾನು ಕೊನೆಯ ಬೋಲ್ಟು ಬಿಚ್ಚುವಷ್ಟರಲ್ಲಿ ಗಂಗಾಧರಪ್ಪ ಒಳಗೆ ಕೂತು ಹಾರನ್ ಒತ್ತತೊಡಗಿದ್ದರು.

ಬೆಂಚನ್ನು ಏರಿಯ ಬದಿಗಿಟ್ಟು ಹೊರಟೆವು. ಕಾರು ಈಗ ಬೆರಳ ತುದಿಗೆ ತಿರುಗುತ್ತಿತ್ತು. ಕನ್ನಡಿಯಲ್ಲಿ ಹುಡುಗಿ ಕೈ ಬೀಸುತ್ತಿದ್ದಳು. ತಾಯಿ ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು.